ಟ್ರ್ಯಾಕ್‌ನಿಂದ ಬಂದ ಕಾರು, ಒಂದೇ ಅಂಚು ನೈಸಾದ ಟೈರು

ಪ್ರಶ್ನೆ: ನಮಸ್ಕಾರ ಸರ್. ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಕೊಂಡ ಪೋರ್ಷೆ 718 ಕೇಮನ್ ನನ್ನದು. 18 ಇಂಚಿನ ಚಕ್ರ, ಮುಂದೆ 235/45, ಹಿಂದೆ 265/45 ಸೈಜಿನ ಟೈರು. ಹೊಸ ಸೆಟ್ ಹಾಕಿಸಿ 9,000 ಕಿ.ಮೀ. ಆಗಿದೆ. ಈ ವರ್ಷ ಎರಡು ಸಲ ಬೆಂಗಳೂರಿನಿಂದ ಕಾರು ಓಡಿಸಿಕೊಂಡೇ ಹೋಗಿ ಚೆನ್ನೈ ಬಳಿಯ ಇರುಂಗಟ್ಟುಕೊಟ್ಟೈ ರೇಸ್ ಟ್ರ್ಯಾಕ್‌ನಲ್ಲಿ ಟ್ರ್ಯಾಕ್ ಡೇ (ಸ್ವಂತ ಕಾರನ್ನು ಟ್ರ್ಯಾಕ್‌ನಲ್ಲಿ ಓಡಿಸುವ ದಿನ) ಮುಗಿಸಿ ಬಂದೆ. ಈಗ ನೋಡಿದರೆ ಮುಂದಿನ ಎಡ ಟೈರಿನ ಹೊರ ಅಂಚು ಪೂರ್ತಿ ನೈಸಾಗಿದೆ, ಒಂದು ಕಡೆ ರಬ್ಬರಿನೊಳಗಿನ ದಾರವೂ ಕಾಣುತ್ತಿದೆ. ಆದರೆ ನಡುವಿನ ಗ್ರೂವ್‌ನಲ್ಲಿ ಇನ್ನೂ 4.5 ಮಿ.ಮೀ. ಇದೆ! ಇದು ತಯಾರಿಕೆಯ ದೋಷ, ಕ್ಲೇಮ್ ಮಾಡಿ ಎನ್ನುತ್ತಾರೆ ಒಬ್ಬರು. ಒಂದು ಟ್ರ್ಯಾಕ್ ಡೇ ಅಂದರೆ ರಸ್ತೆಯ ಹತ್ತು ಸಾವಿರ ಕಿ.ಮೀ.ಗೆ ಸಮ, ಇಷ್ಟು ಸವೆಯುವುದು ಮಾಮೂಲು ಎನ್ನುತ್ತಾರೆ ಇನ್ನೊಬ್ಬರು. ನೈಟ್ರೋಜನ್ ಹಾಕಿಸಿ ಎಂದವರೂ ಇದ್ದಾರೆ. ಎಡಗಡೆಯದೊಂದನ್ನೇ ಬದಲಿಸಿದರೆ ಸಾಕೇ? ಟ್ರ್ಯಾಕ್‌ಗೆಂದೇ ಸೆಮಿ ಸ್ಲಿಕ್ (ಗ್ರೂವ್ ಕಡಿಮೆ ಇರುವ, ಹೆಚ್ಚು ಅಂಟುವ ಟೈರು) ತೆಗೆದುಕೊಳ್ಳಲೇ? ಇನ್ನೊಂದು ವಿಷಯ: ಅಲ್ಲಿ ಗೆಳೆಯರ ಮಾತು ಕೇಳಿ, ಗ್ರಿಪ್ ಜಾಸ್ತಿ ಸಿಗುತ್ತದೆಂದು, ಪ್ರತಿ ಸೆಷನ್ ಮುಗಿದ ಕೂಡಲೇ ಗಾಳಿ ಬಿಟ್ಟು 28 ಪಿಎಸ್‌ಐಗೆ ಇಳಿಸುತ್ತಿದ್ದೆ. ಎರಡನೇ ಸಲ ಮನೆಗೆ ಬಂದ ಮರುದಿನ ಬೆಳಿಗ್ಗೆ ಬಂಕ್‌ನಲ್ಲಿ ನೋಡಿದರೆ ನಾಲ್ಕರಲ್ಲೂ 22 ಇತ್ತು. ದಾರಿಯಲ್ಲಿ ಎಚ್ಚರಿಕೆ ದೀಪವೂ ಉರಿದಿತ್ತು. ಟ್ರ್ಯಾಕ್‌ನ ಬಿಸಿಗೆ ಸೆನ್ಸರ್ ಕೆಟ್ಟಿರಬೇಕು ಅಂದುಕೊಂಡೆ.
ಬೆಂಗಳೂರಿನ ಓದುಗರೊಬ್ಬರು

ಉತ್ತರ: ಮೊದಲು ತುರ್ತಿನ ಮಾತು. ದಾರ ಕಂಡ ಟೈರಿನಲ್ಲಿ ಆಫೀಸಿಗೂ ಹೋಗಬೇಡಿ, ನೈಸ್ ರೋಡಿನ ಮಾತಂತೂ ಬೇಡ. ಕಾರು ಇದ್ದಲ್ಲೇ ಇರಲಿ. ಟೈರಿನವರನ್ನೇ ಮನೆಗೆ ಕರೆಸಿ, ಇಲ್ಲವೇ ಫ್ಲ್ಯಾಟ್‌ಬೆಡ್‌ನಲ್ಲಿ ಕಳಿಸಿ.

ನೀವು ಕೇಳಿದ್ದು ನಾಲ್ಕೈದು ಪ್ರಶ್ನೆ. ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ಮಾತ್ರ ಕೊನೆಯಲ್ಲಿ ಸುಮ್ಮನೆ ಸೇರಿಸಿದ ಹಾಗೆ ಬರೆದಿದ್ದೀರಲ್ಲ, ಆ 22ರ ಮೇಲೆ. ನಿಮ್ಮ ಟೈರಿನ ಕಥೆಯೆಲ್ಲ ಅಲ್ಲೇ ಇದೆ. ಅಲ್ಲಿಗೆ ಹೋಗುವ ಮುಂಚೆ ಟ್ರ್ಯಾಕ್‌ನಲ್ಲಿ ಟೈರು ಯಾಕೆ ಸವೆಯುತ್ತದೆ ಅನ್ನುವುದನ್ನು ನೋಡಿಬಿಡೋಣ.

ಹತ್ತು ಸಾವಿರ ಕಿ.ಮೀ. ಲೆಕ್ಕ ಯಾರು ಯಾವಾಗ ಶುರು ಮಾಡಿದರೋ, ಪ್ರತಿ ಪ್ಯಾಡಕ್‌ನಲ್ಲೂ (ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಅಂಗಳ) ಒಬ್ಬರಾದರೂ ಅದನ್ನು ಹೇಳುತ್ತಾರೆ. ಇರುಂಗಟ್ಟುಕೊಟ್ಟೈನ ಪೂರ್ತಿ ಸುತ್ತು 3.717 ಕಿ.ಮೀ. ದಿನಕ್ಕೆ ನಲವತ್ತು ಸುತ್ತು ಹೊಡೆದರೂ 150 ಕಿ.ಮೀ. ಆಗುತ್ತದೆ. ಹೋಗಿ ಬರುವ ಹೆದ್ದಾರಿಯೇ ಅದರ ನಾಲ್ಕು ಪಟ್ಟು, 600 ಕಿ.ಮೀ. ಚಿಲ್ಲರೆ. ಆ 600ರಲ್ಲಿ ಕಣ್ಣಿಗೆ ಕಾಣುವಷ್ಟು ಸವೆಯದ ಟೈರು 150ರಲ್ಲಿ ಮುಗಿಯುತ್ತದೆ ಅಂದರೆ ಅಲ್ಲಿ ಸುಡುತ್ತಿರುವುದು ಕಿಲೋಮೀಟರ್ ಆಗಿರಲು ಸಾಧ್ಯವಿಲ್ಲ.

ಟೈರು ಉರುಳುವಾಗ ಹೆಚ್ಚು ಸವೆಯುವುದಿಲ್ಲ, ಜಾರುವಾಗ ಸವೆಯುತ್ತದೆ. ತಿರುವಿನಲ್ಲಿ ಚಕ್ರ ನೋಡುತ್ತಿರುವ ದಿಕ್ಕಿಗೂ ಕಾರು ನಿಜವಾಗಿ ಹೋಗುತ್ತಿರುವ ದಿಕ್ಕಿಗೂ ಸ್ವಲ್ಪ ಕೋನ ಇದ್ದೇ ಇರುತ್ತದೆ. ಸ್ಲಿಪ್ ಆ್ಯಂಗಲ್ ಅನ್ನುವುದು ಇದನ್ನೇ. ಅದಿಲ್ಲದೆ ಟೈರಿಗೆ ಕಾರನ್ನು ತಿರುಗಿಸುವ ಬಲವೇ ಹುಟ್ಟದು. ಊರೊಳಗಿನ ಓಡಾಟದಲ್ಲಿ ಈ ಕೋನ ಒಂದು ಡಿಗ್ರಿ ಆಸುಪಾಸಿನಲ್ಲಿರುತ್ತದೆ. ಟ್ರ್ಯಾಕ್‌ನಲ್ಲಿ ಟೈರನ್ನು ಅದರ ಮಿತಿಗೆ ಒಯ್ದಾಗ ಆರು, ಎಂಟು ಡಿಗ್ರಿಗೆ ಹೋಗುತ್ತದೆ.

ಒರಟು ಲೆಕ್ಕ ಒಂದು ಹಾಕೋಣ. ನೀವು ಕೂತ ಕೇಮನ್ ಹತ್ತಿರ ಹತ್ತಿರ 1,450 ಕೆ.ಜಿ. ಗಂಟೆಗೆ 100 ಕಿ.ಮೀ. ವೇಗದಲ್ಲಿ, ಕಾರಿನ ತೂಕದಷ್ಟೇ ಬಲ ಅಡ್ಡಕ್ಕೆ ಬೀಳುವಂಥ ತಿರುವು, ಆರು ಡಿಗ್ರಿ ಸ್ಲಿಪ್. ರಬ್ಬರು ಸೆಕೆಂಡಿಗೆ ಸುಮಾರು ಮೂರು ಮೀಟರ್ ವೇಗದಲ್ಲಿ ಡಾಂಬರಿಗೆ ಅಡ್ಡಡ್ಡ ಉಜ್ಜುತ್ತಿರುತ್ತದೆ. ಆಗ ನಾಲ್ಕು ಟೈರುಗಳಲ್ಲಿ ಶಾಖವಾಗಿ ಹೋಗುವ ಶಕ್ತಿ ಸುಮಾರು 41 ಕಿಲೋವ್ಯಾಟ್. ಅದೇ ವೇಗದಲ್ಲಿ ಹೆದ್ದಾರಿಯ ಸಾಧಾರಣ ತಿರುವಿಗೆ ಲೆಕ್ಕ ಹಾಕಿದರೆ ಬರುವುದು ಒಂದೂವರೆ ಕಿಲೋವ್ಯಾಟಿಗೂ ಕಡಿಮೆ. ಬಕೆಟ್ಟಿನಲ್ಲಿ ನೀರು ಕಾಯಿಸುತ್ತೇವಲ್ಲ, ಆ ಹೀಟರ್ ಕಾಯಿಲ್ ಒಂದರಷ್ಟು. ಟ್ರ್ಯಾಕ್‌ನ ತಿರುವಿನಲ್ಲಿ ಅಂಥ ಇಪ್ಪತ್ತೇಳು ಕಾಯಿಲ್ ಒಟ್ಟಿಗೆ ಉರಿಯುತ್ತವೆ. ಅದೂ ಸಮನಾಗಿ ಹಂಚಿಕೊಂಡಲ್ಲ. ಕಾರು ಬಲಕ್ಕೆ ತಿರುಗಿದರೆ ಭಾರದ ಮುಕ್ಕಾಲು ಪಾಲು ಎಡಗಡೆಯ ಎರಡು ಟೈರಿನ ಮೇಲೆ ಬೀಳುತ್ತದೆ. ಮುಂದಿನ ಎಡ ಟೈರೊಂದರ ಪಾಲಿಗೇ ಹತ್ತು ಕಾಯಿಲ್ ಬಂತು. ನೆಲಕ್ಕೆ ಅಂಟಿರುವ ಅದರ ಜಾಗವೆಷ್ಟು? ನಿಮ್ಮ ಅಂಗೈ ಅಗಲ.

ಪ್ರದಕ್ಷಿಣೆ ಹಾಕುವ ದಿಕ್ಕಿನಲ್ಲಿ ಸುತ್ತುವ ಟ್ರ್ಯಾಕ್‌ನಲ್ಲಿ ಬಲ ತಿರುವುಗಳೇ ಹೆಚ್ಚು, ಹಾಗಾಗಿ ಮೊದಲು ಸಾಯುವುದು ಎಡ ಟೈರು. ಎಡ ಟೈರೇ ಯಾಕೆ ಅನ್ನುವುದಕ್ಕೆ ಇಷ್ಟು ಸಾಕು. ಹೊರ ಅಂಚೇ ಯಾಕೆ ಅನ್ನುವುದು ಬೇರೆ ವಿಷಯ.

ತಿರುವಿನಲ್ಲಿ ಕಾರಿನ ಮೈ ಹೊರಕ್ಕೆ ವಾಲುತ್ತದೆ, ಅದರ ಜತೆ ಚಕ್ರವೂ ವಾಲುತ್ತದೆ. ಆಗ ಟೈರಿನ ಒಳ ಅರ್ಧ ಹಗುರಾಗಿ, ಹೊರ ಅಂಚು ನೆಲ ಕಚ್ಚುತ್ತದೆ. ಇದಕ್ಕೆಂದೇ ರೇಸ್ ಕಾರುಗಳ ಚಕ್ರದ ತಲೆಯನ್ನು ಮೊದಲೇ ಒಳಕ್ಕೆ ವಾಲಿಸಿಟ್ಟಿರುತ್ತಾರೆ. ನೆಗೆಟಿವ್ ಕ್ಯಾಂಬರ್ ಅನ್ನುವುದು ಅದಕ್ಕೇ. ರಸ್ತೆಗೆಂದು ಕಾರ್ಖಾನೆಯಿಂದ ಬರುವ ನಿಮ್ಮ ಕೇಮನ್‌ಗೆ ಮುಂದಿನ ಚಕ್ರದಲ್ಲಿ ಅದು ಬಹಳ ಕಡಿಮೆ. ಹಾಗೆ ಮಾಡುವುದು ಬೇಕೆಂದೇ. ಮಾಲೀಕರು ಗಾಬರಿಯಾಗಿ ಸ್ಟಿಯರಿಂಗ್ ತಿರುಗಿಸಿದಾಗ ಹಿಂಭಾಗ ಬೀಸಿ ಬರುವುದಕ್ಕಿಂತ ಮೂತಿ ನೇರಕ್ಕೆ ಜಾರುವುದು ಮೇಲು ಅಂತ ತಯಾರಕರ ಲೆಕ್ಕಾಚಾರ. ರಸ್ತೆಗೆ ಸರಿಯಾದದ್ದೇ. ಟ್ರ್ಯಾಕ್‌ನಲ್ಲಿ ಅದರ ಬೆಲೆ ತೆರುವುದು ಮುಂದಿನ ಟೈರಿನ ಹೊರ ಅಂಚು.

ಇಷ್ಟು ಎಲ್ಲ ಕೇಮನ್‌ಗೂ ಆಗುವುದು. ಎರಡೇ ದಿನಕ್ಕೆ ದಾರ ಕಾಣಬೇಕಾದರೆ ಇನ್ನೊಂದು ಕಾರಣ ಬೇಕು. ಆ ಕಾರಣ ನಿಮ್ಮ 28.

ಗಾಳಿಯ ಲೆಕ್ಕ ಹೀಗೆ. ಬೆಳಿಗ್ಗೆ 30 ಡಿಗ್ರಿಯಲ್ಲಿ 33 ಪಿಎಸ್‌ಐ ಹಾಕಿದ ಟೈರು ಟ್ರ್ಯಾಕ್‌ನಲ್ಲಿ ಒಳಗೊಳಗೇ ಕಾದು 80 ಡಿಗ್ರಿ ಮುಟ್ಟಿದರೆ ಮೀಟರು 41 ತೋರಿಸುತ್ತದೆ. ಯಾರೂ ಗಾಳಿ ಹಾಕಿಲ್ಲ, ಬಿಸಿಗೆ ಉಬ್ಬಿದ್ದು ಅಷ್ಟೆ. 41 ಜಾಸ್ತಿಯೇ. ಸ್ವಲ್ಪ ಬಿಡಬೇಕು, ಅದೂ ನಿಜ. ನಿಮ್ಮ ಗೆಳೆಯರ ಸಲಹೆಯಲ್ಲಿ ಅರ್ಧ ಸತ್ಯ ಇರುವುದು ಇಲ್ಲೇ. 28 ಅನ್ನುವ ಅಂಕಿಯನ್ನು ಕೆಲವರು ಬೆಳಿಗ್ಗೆ, ಟೈರು ತಣ್ಣಗಿದ್ದಾಗ ಹಾಕುತ್ತಾರೆ. ಅದು ಕಾದು 35ಕ್ಕೆ ಬಂದು ನಿಲ್ಲುತ್ತದೆ. ಬಾಯಿಂದ ಬಾಯಿಗೆ ಬರುವಾಗ "ತಣ್ಣಗಿದ್ದಾಗ" ಅನ್ನುವ ಪದ ದಾರಿಯಲ್ಲೆಲ್ಲೋ ಬಿದ್ದುಹೋಗಿದೆ. ನೀವು ಬಿಸಿ ಟೈರನ್ನೇ 28ಕ್ಕೆ ಇಳಿಸಿದಿರಿ. ಅದೂ ಪ್ರತಿ ಸೆಷನ್ನಿಗೂ. ಅಂದರೆ ತಣ್ಣಗಾದರೆ 22 ಉಳಿಯುವಷ್ಟು ಗಾಳಿಯಲ್ಲಿ ಟ್ರ್ಯಾಕ್ ಓಡಿಸಿದಿರಿ. ಅಷ್ಟು ಮೆತ್ತಗಾದ ಟೈರು ತಿರುವಿನಲ್ಲಿ ನೆಟ್ಟಗೆ ನಿಲ್ಲುವುದಿಲ್ಲ, ಪಕ್ಕಕ್ಕೆ ಮಗುಚುತ್ತದೆ. ಟ್ರೆಡ್, ಅಂದರೆ ಗ್ರೂವ್ ಕೊರೆದ ಪಟ್ಟಿ, ಇರುವ ಭಾಗ ಬಿಟ್ಟು ಅದರಾಚೆಯ ಅಂಚು, ಕೆಲವೊಮ್ಮೆ ಗೋಡೆಯ ಮೇಲ್ಭಾಗ ಕೂಡ ಡಾಂಬರಿಗೆ ಉಜ್ಜುತ್ತದೆ. ಗಾಳಿ ಕಡಿಮೆಯಾದಷ್ಟೂ ಗ್ರಿಪ್ ಜಾಸ್ತಿ ಅನ್ನುವುದು ಮರಳಿನಲ್ಲಿ, ಕೆಸರಿನಲ್ಲಿ ಜೀಪ್ ಓಡಿಸುವವರ ಅನುಭವ. ಅದನ್ನು ಟ್ರ್ಯಾಕ್‌ಗೆ ತಂದರೆ ಹೀಗೇ ಆಗುವುದು.

ನಿಮ್ಮ ಬಂಕ್‌ನ ಮೀಟರು ಸುಳ್ಳು ಹೇಳಿಲ್ಲ, ಸೆನ್ಸರೂ ಕೆಟ್ಟಿಲ್ಲ. ಕೆಳಗೆ ಸಮುದ್ರಮಟ್ಟದಲ್ಲಿ ಬಿಸಿಯಾಗಿದ್ದಾಗ 28ಕ್ಕೆ ಬಿಟ್ಟ ಟೈರು, 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ 22 ಡಿಗ್ರಿಯ ಬೆಳಿಗ್ಗೆ ಎಷ್ಟು ತೋರಿಸಬೇಕು ಅಂತ ನಾನು ಕಾಗದದ ಮೇಲೆ ಲೆಕ್ಕ ಹಾಕಿದೆ. ಬಂದದ್ದು 22.5. ಇಲ್ಲೊಂದು ತಮಾಷೆಯೂ ಇದೆ. ಬೆಂಗಳೂರಿನಲ್ಲಿ ಹೊರಗಿನ ಗಾಳಿಯ ಒತ್ತಡ ಚೆನ್ನೈಗಿಂತ ಒಂದೂವರೆ ಪಿಎಸ್‌ಐ ಕಡಿಮೆ, ಅದರಿಂದಾಗಿ ಅದೇ ಟೈರು ಇಲ್ಲಿ ಒಂದೂವರೆ ಜಾಸ್ತಿ ತೋರಿಸುತ್ತದೆ. ಹೋಗುವಾಗ ಅದು ತಿರುಗುಮುರುಗು: ಘಟ್ಟ ಇಳಿದದ್ದಕ್ಕೆ ಒಂದೂವರೆ ಕಡಿಮೆ, ಅಲ್ಲಿನ ಸೆಕೆಗೆ ಒಂದೆರಡು ಜಾಸ್ತಿ, ಹೆಚ್ಚುಕಡಿಮೆ ಸರಿಹೋಗುತ್ತದೆ. ಹಾಗಂತ ಮನೆಯಲ್ಲಿ ನೋಡಿದ ಅಂಕಿ ನಂಬಿ ಟ್ರ್ಯಾಕ್‌ಗೆ ಇಳಿಯಬೇಡಿ. ಅಲ್ಲಿ ಹೋಗಿ, ಬೆಳಿಗ್ಗೆ ಟೈರು ತಣ್ಣಗಿರುವಾಗ ಮತ್ತೊಮ್ಮೆ ನೋಡಿ.

ಈಗ ನನಗೆ ನಿಜವಾಗಿ ಭಯ ಹುಟ್ಟಿಸಿದ ಭಾಗ. ಟ್ರ್ಯಾಕ್‌ನಲ್ಲಿ ಸವೆದ ರಬ್ಬರು ಕಣ್ಣಿಗೆ ಕಾಣುತ್ತದೆ. ಆ ಸಂಜೆ 22ರ ಗಾಳಿಯಲ್ಲಿ, ಎಚ್ಚರಿಕೆ ದೀಪ ಉರಿಸಿಕೊಂಡು, 300 ಕಿ.ಮೀ. ಹೆದ್ದಾರಿಯಲ್ಲಿ ಬಂದಿರಲ್ಲ, ಅದರ ಪೆಟ್ಟು ಹೊರಗೆ ಕಾಣದು. ಗಾಳಿ ಕಡಿಮೆ ಇದ್ದಾಗ ಟೈರಿನ ಗೋಡೆ ಪ್ರತಿ ಉರುಳಿಗೂ ಮಡಚಿ ಬಿಡಿಸಿಕೊಳ್ಳುತ್ತದೆ. ತಂತಿಯನ್ನು ಅತ್ತಿತ್ತ ಬಗ್ಗಿಸಿ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆ. ಒಳಗಿನ ನೂಲುಪದರ ಕಾದು ರಬ್ಬರಿನಿಂದ ಬಿಟ್ಟುಕೊಳ್ಳಲು ಶುರುವಾಗುತ್ತದೆ. ಹೆದ್ದಾರಿಯಲ್ಲಿ ಒಮ್ಮೆಗೇ ಟೈರು ಸಿಡಿಯುವ ಪ್ರಕರಣಗಳಲ್ಲಿ ಬಹಳಷ್ಟರ ಹಿಂದೆ ಇರುವುದು ಇದೇ.

ಹೀಗಾಗಿಯೇ ನಿಮ್ಮ "ಎಡಗಡೆಯದೊಂದೇ ಸಾಕೇ" ಪ್ರಶ್ನೆಗೆ ಉತ್ತರ ಸಾಲದು ಅಂತ. ನಾಲ್ಕೂ ಟೈರುಗಳನ್ನು ರಿಮ್‌ನಿಂದ ಬಿಚ್ಚಿಸಿ. ಒಳಗೆ ಕೈ ಹಾಕಿ ಸವರಿ ನೋಡಿ. ಬೆರಳಿಗೆ ಕಪ್ಪು ರಬ್ಬರ್ ಪುಡಿ ಹತ್ತಿದರೆ, ಅಥವಾ ಒಳಗೋಡೆಯ ಸುತ್ತ ಉಜ್ಜಿದಂಥ ಪಟ್ಟಿಯೊಂದು ಕಂಡರೆ, ಹೊರಗೆ ಎಷ್ಟೇ ಗ್ರೂವ್ ಇದ್ದರೂ ಆ ಟೈರಿನ ಕಥೆ ಮುಗಿಯಿತು. ಟೈರು ಬಿಚ್ಚುವ ಹುಡುಗರಿಗೆ ಹೇಳದಿದ್ದರೆ ಅವರು ಆ ಪುಡಿ ಕೊಡವಿ ಮುಂದಿನ ಕೆಲಸಕ್ಕೆ ಹೋಗುತ್ತಾರೆ. ನೀವೇ ನಿಂತು ನೋಡಿ. ಹಿಂದಿನ ಎರಡು ಪಾಸಾದವು ಅನ್ನಿ, ಆಗಲೂ ಮುಂದಿನವು ಜೋಡಿಯಾಗಿಯೇ ಬದಲಾಗಬೇಕು. ಒಂದು ಕಡೆ ಹೊಸದು, ಇನ್ನೊಂದು ಕಡೆ ಹಳೆಯದು ಇದ್ದರೆ ಮಳೆಯಲ್ಲಿ ಬ್ರೇಕ್ ಹೊಡೆದಾಗ ಕಾರು ಒಂದು ಕಡೆ ಎಳೆಯುತ್ತದೆ. ಹಿಂದಿನವು 3 ಮಿ.ಮೀ. ಹತ್ತಿರ ಬಂದಿದ್ದರೆ ಅವನ್ನೂ ಸೇರಿಸಿಬಿಡಿ. ಮುಂದೆ ಹೊಸದು, ಹಿಂದೆ ಸವೆದದ್ದು ಅನ್ನುವ ಜೋಡಣೆ ಮಧ್ಯದಲ್ಲಿ ಎಂಜಿನ್ ಇರುವ ಕಾರಿಗೆ ಮಳೆಗಾಲದಲ್ಲಿ ಒಗ್ಗುವುದಿಲ್ಲ. ಟೈರಿನ ಪಕ್ಕದಲ್ಲಿ ಎನ್0, ಎನ್1 ಅಂತ ಗುರುತಿದ್ದರೆ ಅದು ಪೋರ್ಷೆಯವರು ಪರೀಕ್ಷಿಸಿ ಒಪ್ಪಿದ್ದು. ನಾಲ್ಕೂ ಅದೇ ಬ್ರ್ಯಾಂಡ್, ಅದೇ ಮಾದರಿ ಇರಲಿ.

ನಡುವೆ 4.5 ಮಿ.ಮೀ. ಇದೆಯಲ್ಲ ಅನ್ನುವ ಸಂಕಟ ನನಗೆ ಅರ್ಥವಾಗುತ್ತದೆ. ನಾಲ್ಕು ಟೈರಿಗೆ ಲಕ್ಷ ದಾಟುವ ಕಾರಿನಲ್ಲಿ ಅರ್ಧ ಗ್ರೂವ್ ಉಳಿದ ಟೈರನ್ನು ಬಿಸಾಡಲು ಯಾರಿಗೂ ಮನಸ್ಸು ಬಾರದು. ಆದರೆ 1.6 ಮಿ.ಮೀ.ನ ಆ ಸವೆತದ ಗುರುತು ಇರುವುದು ದೊಡ್ಡ ಗ್ರೂವ್‌ಗಳ ತಳದಲ್ಲಿ ಮಾತ್ರ. ಹೊರ ಅಂಚಿಗೆ ಅಂಥ ಗುರುತಿಲ್ಲ, ಅಳತೆ ಕಡ್ಡಿ ಇಳಿಸಲು ಅಲ್ಲಿ ಗ್ರೂವೂ ಇಲ್ಲ. ಹಾಗಾಗಿ ಟ್ರ್ಯಾಕ್ ಓಡಿಸುವವರಿಗೆ ಗ್ರೂವ್‌ನ ಆಳ ಹೇಳುವುದು ಅರ್ಧ ಸುದ್ದಿ. ಸರ್ವಿಸಿನಲ್ಲಿ ಚೀಟಿಯ ಮೇಲೆ "ಟೈರು 60%" ಅಂತ ಬರೆದುಕೊಟ್ಟು, ಅದೇ ವಾರ ಅಂಚಿನಲ್ಲಿ ದಾರ ಕಂಡ ಕಾರುಗಳನ್ನು ನಾನೇ ನೋಡಿದ್ದೇನೆ.

ಕ್ಲೇಮ್ ವಿಚಾರ ಬೇಗ ಮುಗಿಸುತ್ತೇನೆ. ಹೋಗಬೇಡಿ. ಟೈರು ಕಂಪನಿಯ ಇನ್‌ಸ್ಪೆಕ್ಟರ್ ಒಳ ಅಂಚು, ಹೊರ ಅಂಚು ನೋಡಿ ಅರ್ಧ ನಿಮಿಷದಲ್ಲಿ ವಾಪಸ್ ಕಳಿಸುತ್ತಾರೆ, ಅವರದು ಸರಿಯೂ ಹೌದು. ತಯಾರಿಕೆಯ ದೋಷವಾದರೆ ಉಬ್ಬು, ಪದರ ಬಿಡುವುದು, ಬ್ಯಾಲೆನ್ಸ್ ಕೂರದಿರುವುದು ಇಂಥವು ಕಾಣುತ್ತವೆ. ನೈಟ್ರೋಜನ್ ಬಗ್ಗೆಯೂ ಎರಡೇ ಮಾತು. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್. ಸಿಲಿಂಡರಿನದು ಒಣಗಿರುತ್ತದೆ, ಬಂಕ್‌ನ ಕಂಪ್ರೆಸರಿನಲ್ಲಿ ನೀರಿನ ಪಸೆ ಇದ್ದರೆ ಬಿಸಿಗೆ ಒತ್ತಡ ಸ್ವಲ್ಪ ಹೆಚ್ಚು ಏರುತ್ತದೆ. ವ್ಯತ್ಯಾಸ ಅಷ್ಟೆ. ಒಣ ನೈಟ್ರೋಜನ್ನೂ ಬಿಸಿಗೆ ಉಬ್ಬುತ್ತದೆ, ಬಿಟ್ಟರೆ ಕಡಿಮೆಯಾಗುತ್ತದೆ. ನೀವು 28ಕ್ಕೆ ಇಳಿಸಿದ್ದರೆ ಅದೂ ನಿಮ್ಮ ಅಂಚನ್ನು ಉಳಿಸುತ್ತಿರಲಿಲ್ಲ.

ನೀವು ಕೇಳಿಲ್ಲ, ಆದರೂ ಮುಂದೆ ಕೇಳಬಹುದಾದ್ದು: ಟ್ರ್ಯಾಕ್ ಮುಗಿಸಿದಾಗ ಟೈರಿನ ಮೇಲೆ ಹೆಕ್ಕಳಿಕೆಯಂತೆ ರಬ್ಬರ್ ತುಣುಕು ಅಂಟಿಕೊಂಡಿರುತ್ತದೆ. ಅದನ್ನು ನೋಡಿ ಟೈರು ಕಿತ್ತುಬಂತು ಅಂತ ಹೆದರುವವರಿದ್ದಾರೆ. ಅದು ನಿಮ್ಮ ಟೈರಿನದಲ್ಲ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉದುರುವ ಪುಡಿಯಂತೆ ಎಲ್ಲರ ಟೈರಿನಿಂದ ಉದುರಿದ್ದು ಟ್ರ್ಯಾಕ್‌ನ ಅಂಚಿನಲ್ಲಿ ಬಿದ್ದಿರುತ್ತದೆ. ಕೊನೆಯ ಸುತ್ತಿನಲ್ಲಿ ನೀವು ನಿಧಾನಕ್ಕೆ ಬದಿಯಲ್ಲಿ ಬರುವಾಗ ಬಿಸಿ ಟೈರಿಗೆ ಮೆತ್ತಿಕೊಳ್ಳುತ್ತದೆ. ಹೆದ್ದಾರಿಯಲ್ಲಿ ಸ್ವಲ್ಪ ದೂರ ದಡದಡ ಅಂದು ಉದುರಿಹೋಗುತ್ತದೆ. ಗಾಬರಿಯಾಗಬೇಕಾದ್ದು ಟ್ರೆಡ್ಡಿನ ಮಧ್ಯೆ ಗುಳಿ ಬಿದ್ದಂತೆ ಚಕ್ಕೆ ಎದ್ದಿದ್ದರೆ, ಗುಳ್ಳೆ ಒಡೆದಂತೆ ಕಂಡರೆ. ಅದು ರಬ್ಬರು ಒಳಗಿನಿಂದ ಬೆಂದ ಲಕ್ಷಣ. ವಿಚಿತ್ರವೆಂದರೆ ಹೊಚ್ಚಹೊಸ ಟೈರಿಗೇ ಇದು ಬೇಗ ಆಗುತ್ತದೆ. ಎತ್ತರದ ಟ್ರೆಡ್ ತುಂಡುಗಳು ಹೆಚ್ಚು ಅಲುಗಾಡಿ ಹೆಚ್ಚು ಕಾಯುತ್ತವೆ. ಹೊಸ ಟೈರು ಹಾಕಿಸಿದ ವಾರವೇ ಟ್ರ್ಯಾಕ್‌ಗೆ ಓಡಬೇಡಿ, ರಸ್ತೆಯಲ್ಲಿ ಸಾವಿರ ಕಿ.ಮೀ. ಆದರೂ ಓಡಲಿ.

ಸರಿ, ಇನ್ನು ಮುಂದೇನು ಮಾಡಬಹುದು.

ಖರ್ಚಿಲ್ಲದ ದಾರಿ ಮೊದಲು. ಇದೇ ಜಾತಿಯ ರಸ್ತೆ ಟೈರು ಇಟ್ಟುಕೊಂಡು ಗಾಳಿಯನ್ನೂ ಕೈಯನ್ನೂ ತಿದ್ದಿಕೊಳ್ಳುವುದು. ಒಂದು ಒಳ್ಳೆಯ ಪ್ರೆಶರ್ ಗೇಜ್, ಒಂದು ಚಿಕ್ಕ ಕಂಪ್ರೆಸರ್, ಒಂದು ಡಬ್ಬಿ ಸೀಮೆಸುಣ್ಣ. ಸೀಮೆಸುಣ್ಣ ತಮಾಷೆಗೆ ಹೇಳಿದ್ದಲ್ಲ. ನಿಮ್ಮ ಟೈರಿನ ಗೋಡೆ ಮತ್ತು ಟ್ರೆಡ್ ಸೇರುವಲ್ಲಿ ಹುಡುಕಿದರೆ ಪುಟ್ಟ ತ್ರಿಕೋನದ ಗುರುತು ಸಿಗುತ್ತದೆ. ಮಿಶೆಲಿನ್ ಆಗಿದ್ದರೆ ಅವರ ಗುಂಡು ಗೊಂಬೆ. ಒಮ್ಮೆ ಇರುಂಗಟ್ಟುಕೊಟ್ಟೈನಲ್ಲೇ ಒಬ್ಬರ ಕಾರು ತಿರುವಿನಲ್ಲಿ ತಿರುಗುವುದೇ ಇಲ್ಲ ಎನ್ನುತ್ತಿತ್ತು. ಮಧ್ಯಾಹ್ನದ ಹೊತ್ತು, ಪ್ಯಾಡಕ್‌ನ ನೆಲಕ್ಕೆ ಮಂಡಿ ಊರಲಾಗದಷ್ಟು ಕಾವು. ಗೋಣಿಚೀಲ ಹಾಸಿ ಕೂತು ಎಡ ಟೈರಿನ ಅಂಚಿನಿಂದ ಗೋಡೆಯವರೆಗೆ ಮೂರು ಕಡೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಮೂರು ಸುತ್ತು ಹಾಕಿ ಬಂದಾಗ ಗೆರೆ ತ್ರಿಕೋನ ದಾಟಿ ಬೆರಳಗಲ ಕೆಳಗಿನವರೆಗೆ ಅಳಿಸಿಹೋಗಿತ್ತು. ಗೇಜ್ ಇಟ್ಟರೆ ಬಿಸಿಯಲ್ಲೂ 30. ನಾಲ್ಕು ಪಿಎಸ್‌ಐ ತುಂಬಿ ಮತ್ತೆ ಗೆರೆ ಎಳೆದು ಕಳಿಸಿದೆ. ಈ ಸಲ ತ್ರಿಕೋನದ ತುದಿಯಲ್ಲಿ ಬಂದು ನಿಂತಿತ್ತು. ಇಳಿದವರೇ, "ಬೇರೆ ಕಾರು ಓಡಿಸಿದ ಹಾಗಾಯ್ತು" ಅಂದರು. ಕಾಸಿನ ಸುಣ್ಣ ಹೇಳಿದ ಮಾತು.

ನಿಮ್ಮ ಕಾರಿಗೆ ಬಿಸಿಯಲ್ಲಿ ಮುಂದೆ 36ರ ಆಸುಪಾಸಿಗೆ ತಂದು ಶುರು ಮಾಡಿ. ಅಲ್ಲಿಂದ ಅರ್ಧ, ಒಂದು ಪಿಎಸ್‌ಐನಂತೆ ಸೀಮೆಸುಣ್ಣ ಹೇಳಿದ ಹಾಗೆ ಬದಲಿಸಿ. ಮೊದಲ ಸೆಷನ್‌ನಲ್ಲಿ ನಾಲ್ಕೇ ಸುತ್ತು ಹಾಕಿ ಒಳಗೆ ಬನ್ನಿ, ನಿಲ್ಲಿಸಿದ ಕೂಡಲೇ ಅಳೆಯಿರಿ. ಚಹಾ ಕುಡಿದು ಬಂದು ಅಳೆದರೆ ಅದು ಬೇರೆ ಅಂಕಿ. ಎಷ್ಟು ಬಿಟ್ಟಿರಿ ಅಂತ ಚೀಟಿಯಲ್ಲಿ ಬರೆದು ಸ್ಟಿಯರಿಂಗ್ ಮೇಲೆ ಅಂಟಿಸಿ, ಯಾಕೆಂದರೆ ಸಂಜೆ ಹೊರಡುವಾಗ ಅದನ್ನೆಲ್ಲ ವಾಪಸ್ ತುಂಬಬೇಕು. ಟೈರು ಆರಿದ ಮೇಲೆ ಬಾಗಿಲ ಬಳಿಯ ಸ್ಟಿಕ್ಕರ್‌ನಲ್ಲಿ ಬರೆದಷ್ಟಕ್ಕೆ ತನ್ನಿ. ಕಂಪ್ರೆಸರ್ ಇಲ್ಲದೆ ಗಾಳಿ ಬಿಡುವ ಕೆಲಸಕ್ಕೇ ಕೈಹಾಕಬೇಡಿ.

ಕೈ ತಿದ್ದುವ ವಿಷಯ ಹೇಳಿದರೆ ಬೇಸರಪಟ್ಟುಕೊಳ್ಳುವವರು ಹೆಚ್ಚು, ಆದರೂ ಹೇಳುತ್ತೇನೆ. ಮುಂದಿನ ಟೈರಿನ ಅಂಚು ತಿನ್ನುವ ಅಭ್ಯಾಸ ಒಂದೇ: ತಿರುವಿಗೆ ಜಾಸ್ತಿ ವೇಗದಲ್ಲಿ ನುಗ್ಗುವುದು, ಕಾರು ತಿರುಗಲಿಲ್ಲ ಅಂತ ಸ್ಟಿಯರಿಂಗ್ ಇನ್ನಷ್ಟು ತಿರುಗಿಸುವುದು. ಗ್ರಿಪ್ಪಿನ ತುದಿ ದಾಟಿದ ಟೈರಿಗೆ ಹೆಚ್ಚು ತಿರುಗಿಸಿದರೆ ಹೆಚ್ಚು ಉಜ್ಜುತ್ತದೆ, ಅಷ್ಟೆ; ಸುತ್ತಿನ ಸಮಯವೂ ಇಳಿಯದು. ಕಿವಿಗೊಟ್ಟು ಕೇಳಿ. ಟೈರು ಸಣ್ಣಗೆ ಗುನುಗುತ್ತಿದ್ದರೆ ಸರಿ, ಕಿರುಚಿದರೆ ಕೈ ಒಂದು ಚೂರು ಬಿಚ್ಚಿ. ಐದಾರು ಸುತ್ತು ಬಿರುಸಾಗಿ ಹಾಕಿ, ಒಂದು ಸುತ್ತು ಆರಲು ಬಿಡಿ. ನಮ್ಮ ಸೆಕೆಯಲ್ಲಿ ಡಾಂಬರೇ 50 ಡಿಗ್ರಿ ದಾಟಿರುತ್ತದೆ, ರಸ್ತೆ ಟೈರು ಇಪ್ಪತ್ತು ನಿಮಿಷ ಒಂದೇ ಸಮ ತಾಳಲಾರದು.

ಇದರ ಜತೆಗೇ ಪ್ರತಿ ಟ್ರ್ಯಾಕ್ ಡೇ ಆದಮೇಲೆ ಮುಂದಿನ ಟೈರುಗಳನ್ನು ಎಡ, ಬಲ ಅದಲುಬದಲು ಮಾಡಿ. ಹೊರಮುಖ ಯಾವುದು ಅಂತ ಬರೆದಿರುವ ಟೈರಿಗೆ ಇದು ಸಲೀಸು, ಚಕ್ರ ಸಮೇತ ಬದಲಿಸಿದರೆ ಆಯಿತು. ಉರುಳುವ ದಿಕ್ಕಿನ ಬಾಣ ಇರುವ ಟೈರಾದರೆ ರಿಮ್‌ನಿಂದ ಬಿಚ್ಚದೆ ಆಗದು. ಮುಂದಿನದನ್ನು ಹಿಂದೆ ಹಾಕುವ ಮಾತೇ ಇಲ್ಲ, ನಿಮ್ಮದು ಬೇರೆ ಬೇರೆ ಅಗಲ.

ಕ್ಯಾಂಬರ್ ಹೆಚ್ಚಿಸುವುದು ಇನ್ನೊಂದು ದಾರಿ. ಈಗಿರುವ ಭಾಗಗಳಲ್ಲಿ ಹೊಂದಿಸಲು ಸಿಗುವುದು ಸ್ವಲ್ಪವೇ. ಎರಡು ಡಿಗ್ರಿ, ಅದಕ್ಕೂ ಮೇಲೆ ಬೇಕೆಂದರೆ ಕೇಮನ್‌ನ ಟ್ರ್ಯಾಕ್ ಮಾದರಿಯಾದ ಜಿಟಿ4ನಲ್ಲಿರುವಂಥ, ಶಿಮ್ (ತೆಳು ಬಿಲ್ಲೆ) ಹಾಕಿ ಉದ್ದ ಹೊಂದಿಸಬಹುದಾದ ಕೆಳ ಆರ್ಮ್ ಬೇಕಾಗುತ್ತದೆ. ಟ್ರ್ಯಾಕ್‌ನಲ್ಲಿ ಫಲ ಕಣ್ಣಿಗೆ ಕಾಣುತ್ತದೆ. ತೊಂದರೆ ವಾಪಸ್ ಬಂದಮೇಲೆ. ವಾರವಿಡೀ ಊರಲ್ಲಿ ನೇರ ಓಡುವಾಗ ಒಳ ಅಂಚಿನ ಮೇಲೆ ಭಾರ. ಕ್ಯಾಂಬರ್ ಬದಲಿಸಿದವರು ಟೋ (ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಸರಿಪಡಿಸದೆ ಬಿಟ್ಟರಂತೂ ಒಳ ಅಂಚು ಇನ್ನೂ ಬೇಗ ಹೋಗುತ್ತದೆ. ಅದು ಕಾರಿನಡಿ ಮಲಗಿ ಟಾರ್ಚ್ ಹಾಕದೆ ಕಾಣದ ಜಾಗ. ಜತೆಗೆ ನಮ್ಮ ಹಂಪು, ಗುಂಡಿಗಳು ಆ ಅಳತೆಯನ್ನು ನಿಂತಲ್ಲಿ ನಿಲ್ಲಲು ಬಿಡುವುದಿಲ್ಲ. ವರ್ಷಕ್ಕೆ ಎರಡು ಸಲ ಟ್ರ್ಯಾಕ್‌ಗೆ ಹೋಗುವವರಿಗೆ ನಾನು ಇದನ್ನು ಹೇಳುವುದಿಲ್ಲ. ಆರೇಳು ಸಲ ಹೋಗುತ್ತೀರಿ ಅಂದರೆ ಕೂತು ಮಾತಾಡೋಣ.

ಸೆಮಿ ಸ್ಲಿಕ್. ಆಸೆ ಎಲ್ಲರಿಗೂ ಇದ್ದದ್ದೇ. ಟೈರಿನ ಪಕ್ಕ ಟ್ರೆಡ್‌ವೇರ್ ಅಂತ ಅಂಕಿ ಇರುತ್ತದೆ: ಮಿಶೆಲಿನ್ ಪೈಲಟ್ ಸ್ಪೋರ್ಟ್ 4 ಎಸ್ ಮೇಲೆ 300, ಅದೇ ಮನೆಯ ಸೆಮಿ ಸ್ಲಿಕ್ ಕಪ್ 2 ಮೇಲೆ 180. ಅಂಕಿ ಇಳಿದಷ್ಟೂ ಬೇಗ ಸವೆಯುತ್ತದೆ ಅನ್ನುವುದು ರಸ್ತೆಯ ಮಟ್ಟಿಗೆ ಸರಿ. ಆ ಪರೀಕ್ಷೆ ನಡೆಯುವುದೇ ಅಮೆರಿಕದ ಟೆಕ್ಸಾಸ್‌ನ ಸಾರ್ವಜನಿಕ ರಸ್ತೆಗಳಲ್ಲಿ, 11 ಸಾವಿರ ಚಿಲ್ಲರೆ ಕಿ.ಮೀ. ಓಡಿಸಿ, ಅಂಕಿ ಕೊಟ್ಟುಕೊಳ್ಳುವವರೂ ತಯಾರಕರೇ. ಟ್ರ್ಯಾಕ್‌ನ ಬಿಸಿಗೆಂದೇ ಮಾಡಿದ ರಬ್ಬರು ಅಲ್ಲಿ ಎಷ್ಟೋ ಸಲ ರಸ್ತೆ ಟೈರಿಗಿಂತ ಹೆಚ್ಚು ಬಾಳುತ್ತದೆ. 400, 500 ಅಂಕಿಯ ಗಟ್ಟಿ ಟೈರು ಬಿಸಿಗೆ ಚಕ್ಕೆ ಎದ್ದು ಮೊದಲು ಕೈಕೊಡುವುದೂ ಉಂಟು. ಹಾಗಾದರೆ ಬೇಡವೆಂದೇಕೆ? ಒಂದು, ಸೆಮಿ ಸ್ಲಿಕ್ ಸವೆಯುವ ಮುಂಚೆ ಗಟ್ಟಿಯಾಗಿ ಸಾಯುತ್ತದೆ. ಪ್ರತಿ ಸಲ ಚೆನ್ನಾಗಿ ಕಾದು ಆರಿದಾಗಲೂ ರಬ್ಬರು ಸ್ವಲ್ಪ ಸ್ವಲ್ಪ ಬಿರುಸಾಗುತ್ತದೆ. ವರ್ಷಕ್ಕೆ ಎರಡು ದಿನ ಓಡಿಸಿ ಉಳಿದ ದಿನ ಗ್ಯಾರೇಜಿನಲ್ಲಿಟ್ಟರೆ ಗ್ರೂವ್ ಇದ್ದಂತೆಯೇ ಗ್ರಿಪ್ ಹೋಗಿರುತ್ತದೆ. ಎರಡು, ಮಳೆ. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಆ ಕಡೆ ಹಿಂಗಾರು ಸುರಿಯುತ್ತದೆ. ಸೆಮಿ ಸ್ಲಿಕ್ ಹಾಕಿಕೊಂಡು ಶ್ರೀಪೆರಂಬದೂರಿನ ಬಳಿ ನಿಂತ ನೀರಿಗೆ 100ರಲ್ಲಿ ಬಿದ್ದರೆ ಸ್ಟಿಯರಿಂಗ್ ಇದ್ದೂ ಇಲ್ಲದಂತೆ. ಬೇಕಾದರೆ ಇನ್ನೊಂದು ಸೆಟ್ ರಿಮ್‌ಗೆ ಹಾಕಿಸಿ ಅಲ್ಲಿ ಬದಲಿಸಿಕೊಳ್ಳಬೇಕು, ಆದರೆ ಕೇಮನ್‌ನಲ್ಲಿ ನಾಲ್ಕು ಚಕ್ರ ಹೊತ್ತೊಯ್ಯಲು ಜಾಗವೆಲ್ಲಿ? ಹಿಂದೆ ಇನ್ನೊಂದು ಗಾಡಿ ಬರಬೇಕು. ಮೂರನೆಯದೇ ನನಗೆ ಮುಖ್ಯ: ಅಂಟುವ ಟೈರು ತಪ್ಪನ್ನು ಮುಚ್ಚಿಹಾಕುತ್ತದೆ, ಕೈಬಿಡುವಾಗ ಮುನ್ಸೂಚನೆ ಕೊಡದೆ ಹೆಚ್ಚಿನ ವೇಗದಲ್ಲಿ ಕೈಬಿಡುತ್ತದೆ. ರಸ್ತೆ ಟೈರಿನ ಗುನುಗು ಕೇಳಿಸಲು ಶುರುವಾದ ಮೇಲೆ ಕೊಳ್ಳಿ.

ಟ್ರ್ಯಾಕ್ ಹುಚ್ಚು ನಿಜವಾಗಿಯೂ ಹತ್ತಿದೆ ಅನ್ನಿಸಿದರೆ ಇನ್ನೊಂದು ಅಗ್ಗದ ದಾರಿ ಇದೆ: ಹಳೆಯ ಚಿಕ್ಕ ಕಾರೊಂದನ್ನು ಟ್ರ್ಯಾಕ್‌ಗೆಂದೇ ಇಟ್ಟುಕೊಳ್ಳುವುದು. ನಮ್ಮ ದೇಶದ ರೇಸಿಂಗ್‌ನಲ್ಲಿ ಎಷ್ಟೋ ಜನ ಕೈ ಪಳಗಿಸಿಕೊಂಡದ್ದು ಮಾರುತಿ ಎಸ್ಟೀಮ್‌ನಲ್ಲಿ. ಅದರ ನಾಲ್ಕು ಟೈರಿನ ಬೆಲೆಗೆ ನಿಮ್ಮ ಕಾರಿಗೆ ಒಂದು ಬಂದರೆ ಹೆಚ್ಚು.

ಹಣದ ಮಾತು ಬಂತು, ಇದನ್ನೂ ಹೇಳಿಬಿಡುತ್ತೇನೆ. ನಿಮ್ಮ ಕಾರಿನ ವಿಮೆ ಪಾಲಿಸಿಯಲ್ಲಿ "ಬಳಕೆಯ ಮಿತಿ" ಅನ್ನುವ ಭಾಗ ತೆಗೆದು ಓದಿ. ಸಂಘಟಿತ ರೇಸ್, ವೇಗ ಪರೀಕ್ಷೆ ಇಂಥವಕ್ಕೆ ರಕ್ಷಣೆ ಇಲ್ಲ ಅಂತ ಇರುತ್ತದೆ. ಟ್ರ್ಯಾಕ್ ಡೇ ರೇಸ್ ಅಲ್ಲವಲ್ಲ ಅಂತ ವಾದ ಹೂಡಬಹುದು. ಗೋಡೆಗೆ ಗುದ್ದಿದ ಕಾರಿನ ಪಕ್ಕ ನಿಂತು ಆ ವಾದ ಹೂಡುವ ಪರಿಸ್ಥಿತಿ ಬೇಡ. ಹೆಚ್ಚುವರಿ ದುಡ್ಡು ಕೊಟ್ಟು ಟೈರಿನ ಕವರ್ ತೆಗೆದುಕೊಂಡಿದ್ದರೂ ಇಲ್ಲಿ ಅದನ್ನು ನೆಚ್ಚಿಕೊಳ್ಳಬೇಡಿ.

ಹಾಗಾಗಿ ನಿಮಗೆ ನನ್ನ ಸಲಹೆ: ಈ ವಾರ ನಾಲ್ಕೂ ಟೈರು ಬಿಚ್ಚಿಸಿ ಒಳಗೆ ನೋಡಿ, ಮುಂದಿನ ಜೋಡಿ ಹೇಗೂ ಬದಲಿಸಿ, ಅಲೈನ್‌ಮೆಂಟ್ ಮಾಡಿಸುವಾಗ ಮುಂದಿನ ಕ್ಯಾಂಬರನ್ನು ಕಂಪನಿ ಹೇಳಿದ ಮಿತಿಯೊಳಗೇ ನೆಗೆಟಿವ್ ಕಡೆಯ ತುದಿಗೆ ಇಡಲು ಹೇಳಿ. ಅಷ್ಟಕ್ಕೆ ಹೊಸ ಭಾಗ ಬೇಡ. ಪಂಕ್ಚರ್‌ಗೆ ಹೊರಗಿನಿಂದ ಪ್ಲಗ್ ಚುಚ್ಚಿದ ಟೈರು ಯಾವುದಾದರೂ ಇದ್ದರೆ ಅದನ್ನು ಟ್ರ್ಯಾಕ್‌ಗೆ ಒಯ್ಯಬೇಡಿ. ಸೆಮಿ ಸ್ಲಿಕ್ ಸದ್ಯಕ್ಕೆ ಬೇಡ. ಮುಂದಿನ ಸಲ ಹೋಗಿ ಬಂದಾಗ ಮೂರು ಅಂಕಿ ಬರೆದು ಕಳಿಸಿ: ಬೆಳಿಗ್ಗೆ ತಣ್ಣಗಿದ್ದಾಗ ಎಷ್ಟಿತ್ತು, ಮೊದಲ ನಾಲ್ಕು ಸುತ್ತಿಗೆ ಎಷ್ಟಾಯಿತು, ಸೀಮೆಸುಣ್ಣದ ಗೆರೆ ತ್ರಿಕೋನದಿಂದ ಎಷ್ಟು ದೂರದಲ್ಲಿ ನಿಂತಿತು. ನಿಮ್ಮ ಕಾರಿಗೆ 36 ಸರಿಯೋ, 38 ಬೇಕೋ ಅನ್ನುವುದನ್ನು ಅದನ್ನು ನೋಡಿ ಹೇಳುತ್ತೇನೆ.